ಲಕ್ಷದ ಲ್ಯಾಪ್‌ಟಾಪ್, ಉಮ್ಮನ ಬಳೆ



ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ನಾನು ಮತ್ತೆ ಮತ್ತೆ ಓದಿದೆ. ಹೆಸರು, ಊರು ಹಾಕಬೇಡಿ ಎಂದು ಬರೆದ ಸಹೋದರಿ ಕೇಳಿಕೊಂಡಿದ್ದಾರೆ. ಅವರ ಮಗನಿಗೆ ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಪತಿ ಸೌದಿಯ ಒಂದು ಅಂಗಡಿಯಲ್ಲಿ ದುಡಿಯುತ್ತಿದ್ದಾರೆ. ಕಾಲೇಜು ಫೀಸು, ಹಾಸ್ಟೆಲ್ ಖರ್ಚು ಕಟ್ಟುವಷ್ಟರಲ್ಲಿ ಕೈ ಬರಿದಾಗಿದೆ. ಮಗ ಈಗ 1,40,000 ರೂಪಾಯಿಯ ಲ್ಯಾಪ್‌ಟಾಪೇ ಬೇಕೆಂದು ಹಟ ಹಿಡಿದಿದ್ದಾನೆ. "ಉಮ್ಮಾ, ನಾಲ್ಕು ವರ್ಷ ಓದಬೇಕಲ್ಲ, ಕಡಿಮೆಯದು ತೆಗೆದರೆ ಎರಡೇ ವರ್ಷದಲ್ಲಿ ಮೂಲೆ ಸೇರುತ್ತದೆ" ಎಂಬುದು ಅವನ ವಾದ. ಅಂಗಡಿಯವರು ಕಂತಿನಲ್ಲಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಕಂತು ಬೇಡವೆಂದರೆ ಮಹ್ರ್ ಆಗಿ ಬಂದ ಬಳೆ ಮಾರಬೇಕು. ಏನು ಮಾಡಲಿ ಎಂದು ಆ ತಾಯಿ ಕೇಳಿದ್ದಾರೆ.

ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿದೆ. ಮಗಳು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳಂತೆ. ಅವಳು ಏನನ್ನೂ ಕೇಳುವವಳಲ್ಲ, ಎಲ್ಲವನ್ನೂ ಮೊಬೈಲಿನಲ್ಲೇ ಮಾಡಿಕೊಳ್ಳುತ್ತಾಳಂತೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲಿಗೆ, ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ಯಾವ ವಸ್ತುವೂ ದುಂದುವೆಚ್ಚವಾಗುವುದಿಲ್ಲ. ದಾಸರು ಖರ್ಚಿನಲ್ಲಿ ದುಂದನ್ನೂ ಮಾಡದೆ, ಜಿಪುಣತನವನ್ನೂ ತೋರದೆ ನಡುವಿನ ದಾರಿಯಲ್ಲಿರಬೇಕೆಂದು ಪವಿತ್ರ ಕುರ್‌ಆನ್‌ನ ಅಲ್ ಫುರ್ಕಾನ್ ಅಧ್ಯಾಯದ 67ನೇ ವಚನ ನಮಗೆ ಕಲಿಸುತ್ತದೆ. ಕೆಲಸಕ್ಕೆ ಸಾಲದ ಅಗ್ಗದ ಯಂತ್ರ ತಂದು, ವರ್ಷದೊಳಗೆ ಇನ್ನೊಂದನ್ನು ಕೊಳ್ಳುವುದೂ ದುಂದುವೆಚ್ಚವೇ. ಆದ್ದರಿಂದ "ಎಷ್ಟು ರೂಪಾಯಿಯದು?" ಎಂದು ಕೇಳುವುದಕ್ಕೆ ಮುಂಚೆ "ಇದರಲ್ಲಿ ಯಾವ ಕೆಲಸ ಆಗಬೇಕು?" ಎಂದು ಕೇಳಬೇಕು.

ಕಂಪ್ಯೂಟರ್ ಸೈನ್ಸ್ ಓದುವ ಹುಡುಗನಿಗೆ ಪ್ರೋಗ್ರಾಂ ಬರೆಯಬೇಕು, ಪಾಠದ ವೀಡಿಯೋ ನೋಡಬೇಕು, ಪ್ರಾಜೆಕ್ಟ್ ವರದಿ ತಯಾರಿಸಬೇಕು. ಇದಕ್ಕೆ ಇಂಟೆಲ್ ಐ5 ಅಥವಾ ರೈಝನ್ 5 ದರ್ಜೆಯ ಪ್ರೊಸೆಸರ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ನಾಲ್ಕು ವರ್ಷ ಧಾರಾಳವಾಗಿ ಸಾಕು. ಮೆಮೊರಿ ಚಿಪ್‌ಗಳ ಬೆಲೆ ಏರಿಳಿಯುತ್ತಿರುತ್ತದೆ, ಆದರೂ ಇಂತಹದ್ದಕ್ಕೆ ಸುಮಾರು 70,000 ರೂಪಾಯಿ ಎಂದಿಟ್ಟುಕೊಳ್ಳಿ. ಉಳಿದ 70,000 ಯಾವುದಕ್ಕೆ ಹೋಗುತ್ತದೆ? ಹೆಚ್ಚಿನ ಪಾಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಮತ್ತು ವೇಗದ ಪರದೆಗೆ. ಇವುಗಳಿಂದ ಮೊದಲು ಪ್ರಯೋಜನ ಪಡೆಯುವುದು ಆಟಗಳು. ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಮಗ ಹೇಳಬಹುದು. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಗೂಗಲ್ ಕೊಲ್ಯಾಬ್‌ನಂತಹ ಸೇವೆಯಲ್ಲಿ ಇಂಟರ್‌ನೆಟ್ ಮೂಲಕ, ಮಿತಿಯೊಳಗೆ ಉಚಿತವಾಗಿಯೇ ವಿದ್ಯಾರ್ಥಿಗಳು ಆ ಅಭ್ಯಾಸ ಮಾಡಬಹುದು. ಅದೂ ಅಲ್ಲದೆ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ 2 ಕಿಲೋಗಿಂತ ಹೆಚ್ಚು ಭಾರ. ಚಾರ್ಜರ್ ಬೇರೆ ಹೊರಬೇಕು. ಬ್ಯಾಟರಿಯೂ ಬೇಗ ಇಳಿಯುತ್ತದೆ.

ಹಾಗಾದರೆ ಹೆಚ್ಚು ಹಣ ಯಾರಿಗೆ ಸಾರ್ಥಕ? ಆರ್ಕಿಟೆಕ್ಚರ್ ಓದುವವರು ಕಟ್ಟಡದ ಮೂರು ಆಯಾಮದ ಚಿತ್ರ ಮಾಡಬೇಕು, ಅವರಿಗೆ ಗ್ರಾಫಿಕ್ಸ್ ಕಾರ್ಡ್ ನಿಜಕ್ಕೂ ಬೇಕು. ಮನೆಯಲ್ಲಿ ಕುಳಿತು ವೀಡಿಯೋ ಎಡಿಟಿಂಗ್ ಮಾಡಿ ಸಂಪಾದಿಸುವ ಹೆಣ್ಣುಮಗಳಿಗೂ ಒಳ್ಳೆಯ ಯಂತ್ರವೇ ಬಂಡವಾಳ. ಆ್ಯಪಲ್‌ನ ಮ್ಯಾಕ್‌ಬುಕ್ ಏರ್ 2025ರ ಮಾರ್ಚ್‌ನಲ್ಲಿ ಹೊಸ ಮಾದರಿಯಾಗಿ ಬಂದಾಗ ಅದರ ಬೆಲೆ 99,900 ರೂಪಾಯಿಯಿಂದ ಆರಂಭವಾಗುತ್ತಿತ್ತು. ಹಗುರ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಆದರೆ ಅದರ ರ್‍ಯಾಮ್ ಬೋರ್ಡಿಗೇ ಅಂಟಿಕೊಂಡಿರುವುದರಿಂದ ಮುಂದೆ ಹೆಚ್ಚಿಸಲಾಗದು. ಟ್ಯಾಲಿ, ರೆವಿಟ್, ಸಾಲಿಡ್‌ವರ್ಕ್ಸ್‌ನಂತಹ ತಂತ್ರಾಂಶಗಳು ವಿಂಡೋಸ್‌ಗಾಗಿ ಮಾಡಿದವು, ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಆದ್ದರಿಂದ ಯಾವುದನ್ನು ಕೊಳ್ಳುವುದಾದರೂ ಅದೇ ಕಾಲೇಜಿನ, ಅದೇ ವಿಭಾಗದ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಮಾರುವವನು ತನಗೆ ಲಾಭವಿರುವುದನ್ನೇ ಹೊಗಳುತ್ತಾನೆ. ರ್‍ಯಾಮ್ ಹೆಚ್ಚಿಸಲು ಜಾಗ ಇದೆಯೇ, ವಾರಂಟಿ ಒಂದು ವರ್ಷವೋ ಹೆಚ್ಚೋ, ಸರ್ವಿಸ್ ಸೆಂಟರ್ ಹತ್ತಿರದ ಪೇಟೆಯಲ್ಲಿದೆಯೇ ಎಂದೂ ವಿಚಾರಿಸಿ.

ಇನ್ನು ಕಂತಿನ ವಿಷಯ. "ನೋ ಕಾಸ್ಟ್ ಇಎಂಐ" ಎಂಬ ಫಲಕ ಕಂಡು ಬಡ್ಡಿಯೇ ಇಲ್ಲವೆಂದು ಅನೇಕ ಸಹೋದರಿಯರು ನಂಬಿದ್ದಾರೆ. ಸಾಮಾನ್ಯವಾಗಿ ಇಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಮಾರುವವರು ಬೆಲೆಯಲ್ಲಿ ರಿಯಾಯಿತಿಯಾಗಿ ಕಳೆಯುತ್ತಾರೆ. ಆ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ಹೆಚ್ಚಾಗಿ ನಮ್ಮ ತಲೆಗೇ ಬರುತ್ತದೆ. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿಯಿಂದ ದೂರವಿರಬೇಕೆಂಬ ಎಚ್ಚರವುಳ್ಳ ಮನೆಯವರು ಕೇವಲ ಫಲಕ ನೋಡಿ ಸಹಿ ಹಾಕಬಾರದು.

ಬಳೆಯ ವಿಷಯವೇನು? ಮಹ್ರ್ ಹೆಣ್ಣಿನ ಸ್ವಂತ ಸೊತ್ತು. ಅವಳು ಮನಸಾರೆ ಕೊಟ್ಟರೆ ಮಾತ್ರ ಅದು ಇನ್ನೊಬ್ಬರಿಗೆ ಸಲ್ಲುತ್ತದೆ. ಮಕ್ಕಳ ಕಣ್ಣೀರಿಗೆ ಕರಗಿ, ಇಲ್ಲವೆನ್ನಲಾಗದೆ ಕೊಡುವುದನ್ನು ಮನಸಾರೆ ಎನ್ನಬಹುದೇ? ಇಂದು ಮಾರಿದ ಬಳೆಯನ್ನು ನಾಳೆ ಮತ್ತೆ ಮಾಡಿಸುವಾಗ ಮಜೂರಿ ಮತ್ತು ಜಿಎಸ್‌ಟಿ ಬೇರೆ ಕೊಡಬೇಕು. ಲ್ಯಾಪ್‌ಟಾಪ್ ಆದರೋ ಅಂಗಡಿಯ ಮೆಟ್ಟಿಲಿಳಿದ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತದೆ. 1,40,000 ರೂಪಾಯಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 2,900 ರೂಪಾಯಿ ಆಯಿತು. 70,000 ಆದರೆ 1,450. ಮಗನನ್ನು ಪಕ್ಕದಲ್ಲಿ ಕೂರಿಸಿ ಈ ಲೆಕ್ಕವನ್ನು ಅವನ ಕೈಯಿಂದಲೇ ಬರೆಸಿ. ಅಬ್ಬ ಅಷ್ಟು ದುಡಿಯಲು ಮರಳುಗಾಡಿನಲ್ಲಿ ಎಷ್ಟು ದಿನ ನಿಲ್ಲಬೇಕು ಎಂಬುದನ್ನೂ ಬರೆಯಲಿ. ಬೈಯುವುದಕ್ಕಿಂತ ಇದು ಹೆಚ್ಚು ತಿಳಿಸುತ್ತದೆ.

ಈಗ ಆ ಕೊನೆಯ ಮಾತಿಗೆ ಬರುತ್ತೇನೆ. ಸಹೋದರೀ, ನಿಮ್ಮ ಮಗಳು ಏನನ್ನೂ ಕೇಳುವುದಿಲ್ಲ ಎಂದಿರಿ. ಕೇಳದಿರುವುದು ಬೇಡದಿರುವುದಲ್ಲ. ಕೇಳಿದರೆ ಸಿಗದೆಂದು ಅವಳಿಗೆ ಮೊದಲೇ ಗೊತ್ತಾಗಿರಬಹುದು. ಬಿ.ಕಾಂ. ವಿದ್ಯಾರ್ಥಿನಿಗೆ ಎಕ್ಸೆಲ್, ಟ್ಯಾಲಿ ಕೈಗೆ ಹತ್ತಬೇಕು. ಅದು ಮೊಬೈಲಿನ ಪುಟ್ಟ ಪರದೆಯಲ್ಲಿ ಆಗುವ ಮಾತಲ್ಲ. ಮುಂದಿನ ವರ್ಷ ಅವಳ ಓದು ಮುಗಿಯುತ್ತದೆ, ಅವಳಿಗಿರುವ ಸಮಯ ಮಗನಿಗಿಂತ ಕಡಿಮೆ. ಹಝ್ರತ್ ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟು ಅದಕ್ಕೆ ಸಾಕ್ಷಿಯಾಗಬೇಕೆಂದು ಬಂದಾಗ, ಉಳಿದ ಮಕ್ಕಳಿಗೂ ಹಾಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿ(ಸ) ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪದೆ, ಮಕ್ಕಳ ನಡುವೆ ನ್ಯಾಯ ಪಾಲಿಸಲು ಹೇಳಿದರು. ಈ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಬ್ಬರಿಗೂ ಒಂದೇ ಬೆಲೆಯದು ಕೊಡಿಸಬೇಕೆಂದು ನಾನು ಹೇಳುತ್ತಿಲ್ಲ. ಇಬ್ಬರ ಅಗತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಎನ್ನುತ್ತೇನೆ.

ನನ್ನ ಸಲಹೆ ಇಷ್ಟು. ಮೊದಲು ಮಗಳಿಗೆ, ನಂಬಿಕಸ್ಥರಿಂದ, ಕಚೇರಿಗಳಲ್ಲಿ ಬಳಸಿ ಮಾರಿದ ಒಳ್ಳೆಯ ಲ್ಯಾಪ್‌ಟಾಪ್ ಒಂದನ್ನು ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್ ಪ್ರೊಸೆಸರ್ ಸಾಮಾನ್ಯವಾಗಿ 8ನೇ ತಲೆಮಾರಿನದ್ದು ಅಥವಾ ನಂತರದ್ದಾಗಿರಬೇಕು. ಇದನ್ನು ನೋಡದೆ ಹಳೆಯದನ್ನು ಅಗ್ಗವೆಂದು ತರಬೇಡಿ. ಮಗನ ಮೊದಲ ಸೆಮಿಸ್ಟರ್‌ನಲ್ಲಿ ಗಣಿತ, ವಿಜ್ಞಾನ, ಪ್ರೋಗ್ರಾಮಿಂಗ್‌ನ ಆರಂಭದ ಪಾಠಗಳೇ ಹೆಚ್ಚು. ಅಷ್ಟಕ್ಕೆ ಕಾಲೇಜಿನ ಲ್ಯಾಬ್ ಸಾಕಾಗುತ್ತದೆಯೇ ಎಂದು ಕೇಳಿ ತಿಳಿಯಿರಿ. ಆ ಆರು ತಿಂಗಳಲ್ಲಿ ಪತಿ ಕಳುಹಿಸುವುದರಲ್ಲಿ ಸ್ವಲ್ಪ ಸ್ವಲ್ಪ ಎತ್ತಿಡಿ. ಸಾಲದಿದ್ದರೆ ಸಂಬಂಧಿಕರಿಂದಲೋ ಜಮಾಅತ್‌ನ ಬಡ್ಡಿರಹಿತ ನಿಧಿಯಿಂದಲೋ ಕರ್ಝೆ ಹಸನ್ ಪಡೆದು, ಕೊಟ್ಟದ್ದು, ತೀರಿಸುವ ದಿನ ಎಲ್ಲವನ್ನೂ ಬರೆದಿಡಿ. ಬಳೆ ಕೈಯಲ್ಲೇ ಇರಲಿ.

ಮಗ ಮುನಿಸಿಕೊಳ್ಳಬಹುದು. ಊಟ ಬಿಟ್ಟು ಕೂರಲೂಬಹುದು. ಒಂದೆರಡು ದಿನದ ಮುನಿಸಿಗೆ ಹೆದರಬೇಡಿ. ತಂಗಿಗೋ ಅಕ್ಕನಿಗೋ ತನ್ನಷ್ಟೇ ಹಕ್ಕಿದೆ ಎಂದು ತಾಯಿಯ ಮನೆಯಲ್ಲಿ ಕಲಿತ ಗಂಡುಮಗ, ನಾಳೆ ತನ್ನ ಹೆಂಡತಿಯ ಮನೆಯಲ್ಲೂ ಅದನ್ನು ಮರೆಯಲಾರ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲ.

ಈ ತಾಯಿಗೂ, ಇಂತಹದೇ ಚಿಂತೆಯಲ್ಲಿರುವ ಎಲ್ಲ ತಾಯಂದಿರಿಗೂ ಅಲ್ಲಾಹನು ಸರಿಯಾದ ತೀರ್ಮಾನ ಕೈಗೊಳ್ಳುವ ಧೈರ್ಯ ನೀಡಲಿ. ಆಮೀನ್.