ಅಲಾರಂ ಕೂಗಿದರೆ ಸಾಲದು, ಸುಮ್ಮನಾದರೂ ಗೊತ್ತಾಗಬೇಕು

ಬಿತ್ತನೆ ಶುರುವಾಯಿತೆಂದರೆ ನಮ್ಮೂರುಗಳಲ್ಲಿ ಹೆಣ್ಣುಮಕ್ಕಳ ಕೊರಳು ಬರಿದಾಗುತ್ತದೆ. ಅವಲಕ್ಕಿ ಸರ, ಗುಂಡಿನ ಸರ, ಬಳೆ ಎಲ್ಲವೂ ಬಟ್ಟೆಯ ಗಂಟಿನಲ್ಲಿ ಬ್ಯಾಂಕಿಗೋ ಸೊಸೈಟಿಗೋ ಹೋಗುತ್ತವೆ. ಬೀಜ, ಗೊಬ್ಬರಕ್ಕೆ ದುಡ್ಡು ಸಿಗುತ್ತದೆ. ಬೆಳೆ ಮಾರಿದ ಮೇಲೆ ಬಿಡಿಸಿಕೊಂಡು ಬರುತ್ತೇವೆ. ಆ ಐದಾರು ತಿಂಗಳು ನಮ್ಮ ಒಡವೆಯನ್ನು ಕಾಯುವವರು ಯಾರು? ಕೇಳಿದರೆ ‘ಅಲಾರಂ ಇದೆ ಬಿಡಿ’ ಎನ್ನುತ್ತಾರೆ. ಅಷ್ಟಕ್ಕೇ ನಂಬಿ ಕೂರಬಾರದು ಎಂಬುದು ನಮ್ಮ ಮಾತು.

ದಾವಣಗೆರೆ ಜಿಲ್ಲೆಯ ನ್ಯಾಮತಿಯನ್ನು ನೆನಪಿಸಿಕೊಳ್ಳಿ. 2024ರ ಅಕ್ಟೋಬರ್ 28, ಸೋಮವಾರ. ಅಲ್ಲಿನ ಎಸ್‌ಬಿಐ ಶಾಖೆಯಲ್ಲಿ ಗಿರವಿ ಇಟ್ಟಿದ್ದ ಸುಮಾರು 17.7 ಕೆ.ಜಿ. ಚಿನ್ನ ಹೋಗಿದೆ ಎಂದು ಊರಿಗೆ ಗೊತ್ತಾಗಿದ್ದು ಅವತ್ತು. ಹಿಂದಿನ ಎರಡು ದಿನ ನಾಲ್ಕನೇ ಶನಿವಾರ ಮತ್ತು ಭಾನುವಾರ, ಬ್ಯಾಂಕ್ ರಜೆ. ಕಳ್ಳರು ಕಿಟಕಿ ಸರಳು ತೆಗೆದು ಒಳಗೆ ಇಳಿದಿದ್ದರು. ಅಲಾರಂ ಮತ್ತು ಸಿಸಿ ಕ್ಯಾಮೆರಾದ ಸಂಪರ್ಕ ತಪ್ಪಿಸಿ, ದೃಶ್ಯ ಉಳಿಯುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು. ಐದು ತಿಂಗಳ ನಂತರ ಪೊಲೀಸರು ಆರೋಪಿಗಳನ್ನು ಹಿಡಿದು, ತಮಿಳುನಾಡಿನ ಬಾವಿಯೊಂದರಲ್ಲಿ ಮುಳುಗಿಸಿಟ್ಟಿದ್ದ ಚಿನ್ನ ಮೇಲೆತ್ತಿದರು. ಆ ಪೊಲೀಸರಿಗೆ ನಮಸ್ಕಾರ. ಆದರೆ ಆ ಐದು ತಿಂಗಳು ಒಡವೆ ಇಟ್ಟ ಮನೆಗಳಲ್ಲಿ ಯಾರಿಗೆ ನಿದ್ದೆ ಬಂದೀತು?

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅಲಾರಂ ಕೂಗಿದರೆ ಕಳ್ಳ ಓಡುತ್ತಾನೆ, ಸರಿ. ಅದರ ವೈರನ್ನೇ ಕತ್ತರಿಸಿದರೆ? ಅಲಾರಂ ಸುಮ್ಮನಾಗುತ್ತದೆ. ಏನೂ ಆಗದ ರಾತ್ರಿಯೂ ಅದು ಸುಮ್ಮನೇ ಇರುತ್ತದೆ. ಈ ಎರಡು ಮೌನಕ್ಕೂ ವ್ಯತ್ಯಾಸ ತಿಳಿಯುವ ವ್ಯವಸ್ಥೆ ಇಲ್ಲದಿದ್ದರೆ ಅಲಾರಂ ಇದ್ದೂ ಇಲ್ಲದಂತೆ.

ಒಳ್ಳೆಯ ಕಾವಲು ವ್ಯವಸ್ಥೆಯಲ್ಲಿ ದೂರದ ಊರಿನ ನಿಗಾ ಕೇಂದ್ರಕ್ಕೆ ಅಲಾರಂ ಪೆಟ್ಟಿಗೆ ಆಗಾಗ ‘ನಾನು ಸರಿಯಾಗಿದ್ದೇನೆ’ ಎಂಬ ಸಂಕೇತ ಕಳಿಸುತ್ತಲೇ ಇರುತ್ತದೆ. ಹೊಲಕ್ಕೆ ಹೋದ ಮಗ ಹೊತ್ತು ಮುಳುಗಿದರೂ ಬರದಿದ್ದರೆ ಅಮ್ಮ ಫೋನ್ ಮಾಡುವುದಿಲ್ಲವೇ? ಹಾಗೆಯೇ ಸಂಕೇತ ನಿಂತರೆ ಕೇಂದ್ರದವರು ವಿಚಾರಿಸಬೇಕು. ಅಮೆರಿಕದಲ್ಲಿ ಬೆಂಕಿ ಅಲಾರಂಗೆ ಎನ್‌ಎಫ್‌ಪಿಎ 72 ಎಂಬ ನಿಯಮಾವಳಿ ಇದೆ. ಅದರ ಪ್ರಕಾರ ಸಂಪರ್ಕದ ದಾರಿ ಒಂದೇ ಇದ್ದರೆ, ಅದು ಕಡಿದದ್ದು 60 ನಿಮಿಷದೊಳಗೆ ಕೇಂದ್ರಕ್ಕೆ ಗೊತ್ತಾಗಬೇಕು. ಕರೆಂಟ್ ಹೋದರೂ ಬ್ಯಾಟರಿ ಮೇಲೆ 24 ಗಂಟೆ ನಡೆಯಬೇಕು. ನಮ್ಮಲ್ಲಿ ಎರಡನೇ, ನಾಲ್ಕನೇ ಶನಿವಾರದ ರಜೆ ಸೇರಿದರೆ ಶುಕ್ರವಾರ ಸಂಜೆ 5ರಿಂದ ಸೋಮವಾರ ಬೆಳಿಗ್ಗೆ 10ರವರೆಗೆ 65 ಗಂಟೆ ಬಾಗಿಲು ಮುಚ್ಚಿರುತ್ತದೆ. 24 ಗಂಟೆಯ ಬ್ಯಾಟರಿಯೂ ನಮಗೆ ಸಾಲದು.

ಕಳೆದ ಮಳೆಗಾಲದಲ್ಲಿ ನಾವು ನಮ್ಮ ತಾಲ್ಲೂಕಿನ ಒಂದು ಸೊಸೈಟಿಗೆ ಹೋಗಿದ್ದೆವು. ಸೆಕ್ರೆಟರಿಯವರು ಗೋಡೆ ಮೇಲಿನ ಪೆಟ್ಟಿಗೆ ತೋರಿಸಿ, “ಹಾಕ್ಸಿ ಮೂರು ವರ್ಷ ಆಯ್ತು ಸಾರ್, ಒಂದಿನಾನೂ ಕೂಗಿಲ್ಲ, ಅಷ್ಟು ಸೇಫು” ಎಂದರು. “ಒಂದ್ಸಲ ಕೂಗ್ಸಿ ನೋಡೋಣ ಸಾರ್” ಎಂದೆವು. ಬಟನ್ ಒತ್ತಿದಾಗ ಹೊರಗಿನ ಸೈರನ್ ಕೂಗಿತು. ಆದರೆ ಅವರ ಮೊಬೈಲ್‌ಗೆ ಕರೆ ಬರಲಿಲ್ಲ, ಅಧ್ಯಕ್ಷರಿಗೂ ಬರಲಿಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗಿನ ಸಿಮ್‌ಗೆ ರೀಚಾರ್ಜೇ ಇಲ್ಲ. ಎಷ್ಟು ತಿಂಗಳಿಂದಲೋ ಯಾರಿಗೂ ಗೊತ್ತಿಲ್ಲ. ಪಾಪ, ಸೆಕ್ರೆಟರಿಯವರ ಮುಖ ಸಣ್ಣದಾಯಿತು. ಅವರೊಬ್ಬರದೇ ತಪ್ಪು ಎಂದು ನಾವು ಹೇಳುವುದಿಲ್ಲ. ನೋಡಿಕೊಳ್ಳಬೇಕಾದವರು ಯಾರೆಂದು ಅಲ್ಲಿ ಯಾರೂ ಬರೆದಿಟ್ಟಿರಲಿಲ್ಲ.

ಹಾಗಾಗಿ ಪ್ರತಿಯೊಂದಕ್ಕೂ ಬದಲಿ ಇರಬೇಕು ಎನ್ನುತ್ತೇವೆ. ಕರೆಂಟಿಗೆ ಬದಲಿ ಬ್ಯಾಟರಿ. ಬ್ರಾಡ್‌ಬ್ಯಾಂಡ್ ಕಡಿದರೆ ಸಿಮ್, ಅದೂ ಬೇರೆ ಕಂಪನಿಯದು. ಇಂಟರ್‌ನೆಟ್ ಮೋಡೆಮ್‌ಗೂ ಯುಪಿಎಸ್ ಬೇಕು, ಇಲ್ಲದಿದ್ದರೆ ಅಲಾರಂ ಬದುಕಿದ್ದರೂ ಸುದ್ದಿ ಹೊರಗೆ ಹೋಗುವುದಿಲ್ಲ. ನಿಗಾ ಕೇಂದ್ರಕ್ಕೂ ಬದಲಿ ಬೇಕು. ಬೆಂಗಳೂರಿನಲ್ಲಿ ಕೂತು ನೂರಾರು ಶಾಖೆ ನೋಡುವ ಕೇಂದ್ರಕ್ಕೆ ನೀರು ನುಗ್ಗಿದರೆ, ಬೆಂಕಿ ಬಿದ್ದರೆ, ಅಷ್ಟೂ ಶಾಖೆಗಳ ಕಣ್ಣು ಒಟ್ಟಿಗೇ ಮುಚ್ಚುತ್ತದೆ. ಬೇರೆ ಊರಿನಲ್ಲಿ ಇನ್ನೊಂದು ಕೇಂದ್ರ ಆ ಕ್ಷಣವೇ ಕೆಲಸ ವಹಿಸಿಕೊಳ್ಳುವಂತಿರಬೇಕು. ಕೊನೆಗೆ ಮನುಷ್ಯರಿಗೂ ಬದಲಿ. ರಾತ್ರಿ ಎರಡಕ್ಕೆ ಮೊದಲನೆಯವರು ಫೋನ್ ಎತ್ತದಿದ್ದರೆ ಎರಡನೆಯವರು, ಅವರೂ ಎತ್ತದಿದ್ದರೆ 112.

‘ಬಡ ಸೊಸೈಟಿ, ಇಷ್ಟಕ್ಕೆಲ್ಲ ದುಡ್ಡೆಲ್ಲಿ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಒಂದೊಂದು ಸೊಸೈಟಿಯೂ ಸ್ವಂತಕ್ಕೆ ನಿಗಾ ಕೇಂದ್ರ ಕಟ್ಟಬೇಕಿಲ್ಲ. ತಾಲ್ಲೂಕಿನ ಸೊಸೈಟಿಗಳು ಸೇರಿ ಒಂದೇ ಸೇವೆ ಗೊತ್ತು ಮಾಡಿಕೊಳ್ಳಬಹುದು, ಡಿಸಿಸಿ ಬ್ಯಾಂಕು ಮುಂದೆ ನಿಂತು ಮಾಡಿಸಬಹುದು. ಸಿಮ್ ರೀಚಾರ್ಜ್ ಮಾಡಿಸಲು, ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡಲು ದೊಡ್ಡ ಖರ್ಚೇನಿಲ್ಲ. ‘ವಿಮೆ ಇದೆಯಲ್ಲ’ ಎನ್ನುವವರಿಗೆ ಒಂದೇ ಮಾತು: ವಿಮೆ ದುಡ್ಡು ಕೊಟ್ಟೀತು, ಅಜ್ಜಿ ಕೊಟ್ಟ ಸರ ಕೊಡುವುದಿಲ್ಲ.

ಅಲಾರಂ ಒಂದರಿಂದಲೇ ಎಲ್ಲ ಕಳ್ಳತನ ನಿಲ್ಲುತ್ತದೆ ಎಂದು ನಾವು ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಚಿನ್ನ ಹೋಯಿತು. ಅದೂ ವಾರದ ಕೊನೆಯ ರಜೆಯಲ್ಲೇ. ಆ ಶಾಖೆಯ ಹಿಂದಿನ ಮ್ಯಾನೇಜರನ್ನೇ ಪೊಲೀಸರು ಬಂಧಿಸಿದರು, ನಕಲಿ ಕೀ ಬಳಸಿದ್ದರೆಂದು ಹೇಳಿದರು. ಒಳಗಿನ ಗುಟ್ಟು ಬಲ್ಲವರ ಮೇಲೇ ಅನುಮಾನ ಬರುವ ಕಾಲದಲ್ಲಿ, ಶಾಖೆಯ ಹೊರಗೆ, ಬೇರೆಯವರ ಕೈಯಲ್ಲಿ ಇನ್ನೊಂದು ಕಣ್ಣು ಇರಲೇಬೇಕು.

ಸೆಪ್ಟೆಂಬರ್ ಹೊತ್ತಿಗೆ ಸೊಸೈಟಿಗಳ ಸರ್ವ ಸದಸ್ಯರ ಸಭೆ ನಡೆಯುತ್ತದೆ. ಊಟ ಮಾಡಿ, ಸಹಿ ಹಾಕಿ ಎದ್ದು ಬರಬೇಡಿ. ನಾಲ್ಕು ಪ್ರಶ್ನೆ ಕೇಳಿ. ಕರೆಂಟ್ ಹೋದರೆ ಅಲಾರಂ ಎಷ್ಟು ಗಂಟೆ ನಡೆಯುತ್ತದೆ? ವೈರ್ ಕತ್ತರಿಸಿದರೆ ಯಾರಿಗೆ, ಎಷ್ಟು ಹೊತ್ತಿನಲ್ಲಿ ಗೊತ್ತಾಗುತ್ತದೆ? ಅವರು ಫೋನ್ ಎತ್ತದಿದ್ದರೆ ಮುಂದೆ ಯಾರು? ಕೊನೆಯ ಸಲ ಪರೀಕ್ಷೆ ಮಾಡಿದ ತಾರೀಖು ಯಾವುದು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಇಟ್ಟ ಒಡವೆ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.