ನಿಜವಾದ ಮಾತು, ತಪ್ಪು ಉತ್ತರ

ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆ, ಅಭ್ಯರ್ಥಿಗಳ ಬಾಯಲ್ಲಿ ‘ಸಿಸ್ಯಾಟ್’, 2015ರಿಂದ ಬರೀ ಅರ್ಹತಾ ಪತ್ರಿಕೆ. 200ಕ್ಕೆ 66 ಅಂಕ ಬಂದರೆ ಸಾಕು. ಆದರೂ ಸಾಮಾನ್ಯ ಅಧ್ಯಯನವನ್ನು ಅರೆದು ಕುಡಿದವರೇ ಇಲ್ಲಿ ಎಡವುವುದುಂಟು. ದೂರೆಲ್ಲ ಗಣಿತದ ಮೇಲೆ. ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳೆಂದರೆ ಸಸಾರ, ಉತ್ತರ ಕಣ್ಣೆದುರೇ ಇದೆಯಲ್ಲ! ಆದರೆ ಉತ್ತರಗಳು ಗದ್ಯಭಾಗವನ್ನಷ್ಟೇ ಆಧರಿಸಿರಬೇಕು ಎಂದು ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ಈ ಸೂಚನೆಯನ್ನು ಪಾಲಿಸುವುದು ಹೆಚ್ಚು ಓದಿಕೊಂಡವರಿಗೇ ಕಷ್ಟ. ‘ಹೂಳೆತ್ತಿದ ಕೆಲವು ಕೆರೆಗಳ ಸುತ್ತ ಅಂತರ್ಜಲ ಏರಿದೆ’ ಎಂದು ಗದ್ಯದಲ್ಲಿದೆ ಎನ್ನೋಣ. ‘ಕೆರೆ ಒತ್ತುವರಿಯಿಂದ ನಗರದಲ್ಲಿ ನೆರೆ ಬರುತ್ತದೆ’ ಎಂಬ ಆಯ್ಕೆ ಲೋಕದಲ್ಲಿ ನಿಜ, ಗದ್ಯದಲ್ಲಿ ಇಲ್ಲ. ‘ಹೂಳೆತ್ತಿದರೆ ಅಂತರ್ಜಲ ಏರಿಯೇ ಏರುತ್ತದೆ’ ಎಂಬುದು ‘ಕೆಲವು’ ಎಂಬ ಪದವನ್ನು ಸದ್ದಿಲ್ಲದೆ ನುಂಗಿದೆ. ಆದ್ದರಿಂದ ಆರಿಸಿದ ಉತ್ತರ ಯಾವ ಸಾಲಿನಿಂದ ಹೊರಟಿತು ಎಂದು ಬೆರಳಿಟ್ಟು ತೋರಿಸಲು ಬರಬೇಕು. ತೀರ್ಮಾನ ಕೇಳುವ ಪ್ರಶ್ನೆಗೂ ಇದೇ ಕಟ್ಟುಪಾಡು.

ಅಷ್ಟೆಲ್ಲ ಪುರುಸೊತ್ತು ಎಲ್ಲಿದೆ ಎನ್ನುತ್ತಾರೆ. ಎರಡು ಗಂಟೆಗೆ 80 ಪ್ರಶ್ನೆ, ಒಂದಕ್ಕೆ 90 ಸೆಕೆಂಡು. ಅದಕ್ಕೇ ಮೊದಲು ಪ್ರಶ್ನೆ ಓದಿ, ಅದರಲ್ಲಿನ ಮುಖ್ಯ ಪದವನ್ನು ಗದ್ಯದಲ್ಲಿ ಹುಡುಕಿ ಎಂಬ ಸಲಹೆ ಕೋಚಿಂಗ್ ತರಗತಿಗಳಲ್ಲಿ ಜನಪ್ರಿಯ. ಇಸವಿ, ಅಂಕಿ ಕೇಳಿದರೆ ಇದು ನಡೆದೀತು. ಇಲ್ಲಿ ಕೇಳುವುದು ಹೆಚ್ಚಾಗಿ ಗದ್ಯದ ತಿರುಳನ್ನು, ಲೇಖಕರು ಹೇಳದೆಯೇ ನಂಬಿಕೊಂಡದ್ದನ್ನು. ಗದ್ಯದ ಪದಗಳನ್ನೇ ಹೊತ್ತ ಆಯ್ಕೆಗಳಲ್ಲಿ ತಪ್ಪಾದವೂ ಇರುತ್ತವೆ. ಪದ ಹುಡುಕುವ ಕಣ್ಣು ಸೀದಾ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಒಂದು ತಪ್ಪಿಗೆ, ಆ ಪ್ರಶ್ನೆಯ ಎರಡೂವರೆ ಅಂಕದ ಮೂರನೇ ಒಂದು ಭಾಗ ಖೋತಾ. ಗದ್ಯವೇನೂ ಪುಟಗಟ್ಟಲೆ ಇರುವುದಿಲ್ಲ. ಒಮ್ಮೆ ಪೂರ್ತಿ ಓದುವುದೇ ಅಗ್ಗ.

ತಂತ್ರಕ್ಕಿಂತ ವಿಷಯಜ್ಞಾನವೇ ದೊಡ್ಡದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಮೆರಿಕದಲ್ಲಿ ಡೊನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆ ಓದಲು ಕೊಡಲಾಯಿತು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲವರು, ಓದಿನಲ್ಲಿ ಮುಂದಿದ್ದೂ ಆಟ ಅರಿಯದವರನ್ನು ಮೀರಿಸಿದರು. ಹಾಗಾದರೆ ಗೊತ್ತಿರುವುದನ್ನು ಬದಿಗಿಡಿ ಎಂಬ ಮಾತು ಸುಳ್ಳೇ? ಅಲ್ಲ. ಅರ್ಥ ಮಾಡಿಕೊಳ್ಳುವಾಗ ತಿಳಿವಳಿಕೆ ಬೇಕೇ ಬೇಕು. ಉತ್ತರ ಆರಿಸುವಾಗ ಮಾತ್ರ ಅದರ ಮಾತು ಕೇಳಬಾರದು. ಆ ತಿಳಿವಳಿಕೆ ಕೊನೇ ತಿಂಗಳ ಕಿರುಹಾದಿಗಳಿಂದ ಬರುವಂಥದ್ದಲ್ಲ.

ಕನ್ನಡ ಮಾಧ್ಯಮದವರಿಗೆ ಈ ಯಾವ ತಂತ್ರವೂ ಅರ್ಧ ದಾರಿಯಷ್ಟೇ. ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಅಲ್ಲಿಗೆ ತಲುಪಲು ದಾಟಬೇಕಾದ ಪೂರ್ವಭಾವಿ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಇದು ಅನ್ಯಾಯವೇ, ಕೇಳಲೇಬೇಕಾದದ್ದು. 2014ರಲ್ಲಿ ಹಿಂದಿ ಅಭ್ಯರ್ಥಿಗಳು ದೆಹಲಿಯಲ್ಲಿ ಬೀದಿಗಿಳಿದ ಮೇಲೆಯೇ ಸಿಸ್ಯಾಟ್ ಬರೀ ಅರ್ಹತಾ ಪತ್ರಿಕೆಯಾದದ್ದು. ಭಾಷೆಯ ಈ ಅನ್ಯಾಯ ಸರಿಹೋಗುವವರೆಗೆ, ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ ಅದರ ವಾದವನ್ನು ಎರಡು ಸಾಲಿನ ಕನ್ನಡದಲ್ಲಿ ಬರೆದು, ಮತ್ತೆ ಮೂಲದೊಂದಿಗೆ ಹೋಲಿಸಿ ನೋಡುವ ಅಭ್ಯಾಸಕ್ಕೆ ಕಿರುಹಾದಿಗಳ ಪುಸ್ತಕಕ್ಕಿಂತ ಹೆಚ್ಚು ಹೊತ್ತು ಕೊಡುವುದು ಒಳಿತು.