ಬೆಳೆವಿಮೆಗೆ ಕಾಯಿದೆಯ ಆಸರೆ ಬೇಕು

ಬೆಳೆವಿಮೆಯ ಮಾತು ಹೋಟೆಲ್ ಕಾರ್ಮಿಕರ ಪತ್ರಿಕೆಗೇಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಹೆಚ್ಚಿನವರ ಒಂದು ಕಾಲು ಮುಂಬಯಿಯ ಅಡಿಗೆಮನೆಯಲ್ಲಿದ್ದರೆ ಇನ್ನೊಂದು ಕಾಲು ಊರಿನ ಹೊಲದ ಬದುವಿನಲ್ಲಿದೆ. ಊರಿನಲ್ಲಿ ಬೆಳೆ ಕೆಟ್ಟರೆ ನಮ್ಮ ಪಗಾರ ಸಾಲಗಾರನ ಕೈ ಸೇರುತ್ತದೆ. ಅಷ್ಟೇ ಅಲ್ಲ, ಹೊಲ ಬಿಟ್ಟು ಬಂದ ಹುಡುಗರು ಹೋಟೆಲಿನ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಾರೆ. ಹತ್ತು ಮಂದಿ ಹೊರಗೆ ಕಾದಿರುವಾಗ ಒಳಗಿದ್ದವನು ಪಗಾರ ಹೆಚ್ಚಿಸಿರೆಂದು ಗಟ್ಟಿಯಾಗಿ ಕೇಳಲಾರ. ಆದುದರಿಂದ ರೈತನ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು.

ಈಗ ನಡೆಯುತ್ತಿರುವುದು 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ. ವಿಮೆಯ ಮೊತ್ತದಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತನು ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಹಾಗೂ ತೋಟದ ಬೆಳೆಗಳಿಗೆ 5 ಕಟ್ಟಬೇಕು. ಉಳಿದುದನ್ನು ಕೇಂದ್ರ, ರಾಜ್ಯಗಳು ಸಾಮಾನ್ಯವಾಗಿ ಸಮನಾಗಿ ಹೊರುತ್ತವೆ. 50,000 ರೂಪಾಯಿಯ ವಿಮೆಗೆ ಕಂಪೆನಿಯ ದರ ಶೇಕಡಾ 15 ಎಂದಿಟ್ಟುಕೊಳ್ಳಿ. ಒಟ್ಟು ಕಂತು 7,500 ರೂಪಾಯಿ. ರೈತನ ಪಾಲು 1,000, ಸರಕಾರಗಳ ಪಾಲು 6,500. ಈ ಸಹಾಯ ಸಣ್ಣದಲ್ಲ, ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಇದು ಯೋಜನೆ, ಕಾಯಿದೆಯಲ್ಲ. ಯೋಜನೆ ನಡೆಯುವುದು ಸುತ್ತೋಲೆಯ ಮೇಲೆ. ಮಹಾರಾಷ್ಟ್ರದಲ್ಲಿ 2023ರ ಮುಂಗಾರಿನಿಂದ ರೈತನು ಒಂದೇ ರೂಪಾಯಿ ಕಟ್ಟಿದರೆ ಸಾಕಿತ್ತು. ಅವನ ಪಾಲನ್ನು ರಾಜ್ಯ ಸರಕಾರವೇ ಕಟ್ಟುತ್ತಿತ್ತು. 2025ರ ಮುಂಗಾರಿಗೆ ಅದು ರದ್ದಾಯಿತು. ಬೋಗಸ್ ಅರ್ಜಿಗಳು ಬಂದವು, ಬೊಕ್ಕಸಕ್ಕೆ ಭಾರವಾಯಿತು ಎಂದು ಕಾರಣ ಕೊಟ್ಟರು. ಬೋಗಸ್ ಅರ್ಜಿ ಬಂದದ್ದು ನಿಜ. ಅದಕ್ಕೆ ಅರ್ಜಿಯನ್ನೂ ಹೊಲವನ್ನೂ ತಾಳೆ ನೋಡಬೇಕು. ಕಳ್ಳನೊಬ್ಬ ಪಂಕ್ತಿಯಲ್ಲಿ ಕುಳಿತನೆಂದು ಎಲ್ಲರ ಎಲೆ ಎತ್ತಿಸುವುದು ನ್ಯಾಯವಲ್ಲ. ಆದೇಶದಿಂದ ಬಂದುದು ಆದೇಶದಿಂದಲೇ ಹೋಗುತ್ತದೆ ಎಂಬುದೇ ಇದರ ಪಾಠ.

ಕಾಯಿದೆಯ ಯೋಚನೆ ಹೊಸದಲ್ಲ. ಮಳೆಯ ಅಳತೆಯ ಮೇಲೆ ರೈತರಿಗೆ ವಿಮೆ ಕೊಡಬಹುದೆಂದು ಮೈಸೂರು ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿಯವರು 1920ರಲ್ಲೇ ಪುಸ್ತಕ ಬರೆದರು. 1965ರಲ್ಲಿ ಕೇಂದ್ರ ಸರಕಾರ ಬೆಳೆವಿಮೆಯ ಮಸೂದೆಯನ್ನೂ ಮಾದರಿ ಯೋಜನೆಯನ್ನೂ ಸಿದ್ಧಪಡಿಸಿ ರಾಜ್ಯಗಳ ಮುಂದಿಟ್ಟಿತು. ಖರ್ಚಿಗೆ ಹೆದರಿ ರಾಜ್ಯಗಳು ಒಪ್ಪಲಿಲ್ಲ. 1970ರಲ್ಲಿ ಅದು ತಜ್ಞರ ಸಮಿತಿಗೆ ಹೋಯಿತು, ಕಾಯಿದೆಯಾಗಲಿಲ್ಲ. ಆಮೇಲೆ 1985ರಲ್ಲಿ ಒಂದು ಯೋಜನೆ, 1999ರಲ್ಲಿ ಇನ್ನೊಂದು, 2016ರಲ್ಲಿ ಮತ್ತೊಂದು. ಹೆಸರು ಬದಲಾಯಿತು, ಹಕ್ಕು ಹುಟ್ಟಲಿಲ್ಲ.

ನಮ್ಮ ಅನುಭವವನ್ನು ನೋಡಿ. 1948ರ ಕಾಯಿದೆಯಿಂದ ಕಾರ್ಮಿಕರಿಗೆ ರಾಜ್ಯ ವಿಮೆ ಬಂತು. ಮಾಲಿಕನು ತನ್ನ ಪಾಲು ಕಟ್ಟದಿದ್ದರೆ ಕಾಯಿದೆ ಅವನನ್ನು ಕೇಳುತ್ತದೆ. 2019ರ ಜುಲೈಯಿಂದ ಕಾರ್ಮಿಕನ ಪಾಲು ಶೇಕಡಾ 1.75ರಿಂದ 0.75ಕ್ಕೆ ಇಳಿದಾಗಲೂ ಹಕ್ಕು ಇಳಿಯಲಿಲ್ಲ. ರೈತನಿಗೆ ಮಾಲಿಕನಿಲ್ಲ. ಅವನು ಬೆಳೆದುದನ್ನು ಉಣ್ಣುವ ದೇಶವೇ ಆ ಮಾಲಿಕನ ಪಾಲನ್ನು ಕಟ್ಟಬೇಕು.

ವಿಮೆ ಕೇಂದ್ರದ ಪಟ್ಟಿಯಲ್ಲಿದೆ, ಬೇಸಾಯ ರಾಜ್ಯದ ಪಟ್ಟಿಯಲ್ಲಿದೆ. ಆದ್ದರಿಂದ ಲೋಕಸಭೆ, ವಿಧಾನಸಭೆ ಎರಡೂ ಕೈಗೂಡಿಸಬೇಕು. ಕಾಯಿದೆಯಲ್ಲಿ ಇಷ್ಟಾದರೂ ಇರತಕ್ಕದ್ದು:

ಒಂದು, ರೈತನ ಕಂತಿನ ಮಿತಿಯನ್ನು ಕಾಯಿದೆಯಲ್ಲೇ ಬರೆಯಬೇಕು. ಸಭೆಯ ಒಪ್ಪಿಗೆಯಿಲ್ಲದೆ ಅದು ಏರಕೂಡದು. ಐದು ಎಕರೆಗಿಂತ ಕಡಿಮೆ ಮಳೆಯಾಶ್ರಿತ ಭೂಮಿಯವರ ಪಾಲನ್ನು ಸರಕಾರವೇ ಕಟ್ಟಬೇಕು.

ಎರಡು, ಸರಕಾರಗಳ ಪಾಲು ಕಾಲಕ್ಕೆ ಸರಿಯಾಗಿ ಸಂದಾಯವಾಗಬೇಕು. ರಾಜ್ಯದ ಹಣ ತಡವಾಯಿತೆಂದು ಕಂಪೆನಿಗಳು ಪರಿಹಾರ ತಡೆದುದುಂಟು. ತಡಮಾಡಿದವರು ಶೇಕಡಾ 12 ಬಡ್ಡಿ ತೆರಬೇಕೆಂದು 2018ರಲ್ಲಿ ಬಂದ ನಿಯಮವನ್ನು ರೈತನು ನ್ಯಾಯಾಲಯದಲ್ಲಿ ಕೇಳಬಲ್ಲ ಹಕ್ಕಾಗಿ ಮಾಡಬೇಕು.

ಮೂರು, ಗೇಣಿಗೆ, ಪಾಲಿಗೆ ಉಳುವವನಿಗೂ ವಿಮೆ ನಿಜವಾಗಿ ಸಿಗಬೇಕು. ನಿಯಮದಲ್ಲಿ ಅವನಿಗೆ ಜಾಗವಿದೆ, ಆದರೆ ಅವನ ಕೈಯಲ್ಲಿ ಕಾಗದವಿಲ್ಲ.

ನಾಲ್ಕು, ಬೆಳೆ ಕೊಯ್ದು ತೂಗಿದ ಪ್ರಯೋಗದ ಲೆಕ್ಕವನ್ನು ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಪರಿಹಾರ ನಿಲ್ಲುವುದು ಬಹುಪಾಲು ಆ ಲೆಕ್ಕದ ಮೇಲೆಯೇ.

ಹಣವೆಲ್ಲಿದೆ ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಬೆಳೆ ಕೆಟ್ಟ ಮೇಲೆ ಸಾಲಮನ್ನಾಕ್ಕೂ ಬರಪರಿಹಾರಕ್ಕೂ ಹಣ ಹುಡುಕಲೇಬೇಕಾಗುತ್ತದೆ. ಮುಂದಾಗಿ ಕಟ್ಟುವ ಹಣಕ್ಕೆ ಲೆಕ್ಕವಿರುತ್ತದೆ, ರೈತನಿಗೆ ಮರ್ಯಾದೆಯೂ ಇರುತ್ತದೆ.

ಬಂಧುಗಳೇ, ನಿಮ್ಮ ಊರಿನ ಶಾಸಕರಿಗೆ, ಲೋಕಸಭಾ ಸದಸ್ಯರಿಗೆ ಒಂದೊಂದು ಕಾಗದ ಬರೆಯಿರಿ. 2020ರಿಂದ ಸಾಲ ಪಡೆದ ರೈತನಿಗೂ ಈ ವಿಮೆ ಕಡ್ಡಾಯವಲ್ಲ. ಬ್ಯಾಂಕಿನವರು ತಾವಾಗಿ ಕಟ್ಟಿದ್ದಾರೆಂದು ನಂಬಿ ಕೂರದೆ, ಕಡೆಯ ತಾರೀಕಿಗೆ ಮೊದಲು ಮನೆಗೆ ಫೋನು ಮಾಡಿ ರಸೀತಿ ಇದೆಯೇ ಎಂದು ವಿಚಾರಿಸಿರಿ. ಕಾಯಿದೆ ಬರುವವರೆಗೆ ಆ ರಸೀತಿಯೇ ಆಧಾರ.